ಒಟ್ಟಿಗೆ ತಿರುಗಿದ ಎರಡು ಹಾಳೆ

ನನ್ನ ಮಾವ ಯೂ ಶೌಪಿಂಗ್ ಬೆಳಿಗ್ಗೆ ಮುಖ ತೊಳೆದ ಕೂಡಲೇ ಕರುಣೆಯ ದೇವಿ ಗ್ವಾನ್‌ಯಿನ್ ಅಮ್ಮನ ಮುಂದಿನ ಊದುಬತ್ತಿ ಬಟ್ಟಲಿನಿಂದ ಒಂದು ಚಿಟಿಕೆ ಬೂದಿ ತೆಗೆದು ಹತ್ತು ಬೆರಳಿನ ತುದಿಗೂ ತಿಕ್ಕಿಕೊಳ್ಳುತ್ತಿದ್ದರು. ಜ್ವರ ಬಂದು ಮಲಗಿದ್ದ ದಿನವೂ ಬಟ್ಟಲನ್ನು ಹಾಸಿಗೆಯ ಬಳಿಗೆ ತರಿಸಿಕೊಂಡು ತಿಕ್ಕಿಕೊಂಡದ್ದನ್ನು ನೋಡಿದ್ದೇನೆ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅದು ಭಕ್ತಿಯೆಂದು ತಿಳಿದು ನಾನೂ ಹಾಗೇ ಮಾಡತೊಡಗಿದೆ. ಒಂದು ದಿನ ಅತ್ತೆಯ ಕಣ್ಣಿಗೆ ಬಿದ್ದೆ.

"ನಿಂಗ್ಯಾಕಮ್ಮಾ ಅದು?" ಎಂದು ನಕ್ಕರು. "ಅವರಿಗೆ ಅದು ಪೂಜೆ ಅಲ್ಲ, ಭಯ."

ಎಂಥ ಭಯ ಎಂಬುದನ್ನು ಅವರು ಒಂದೇ ಸಲಕ್ಕೆ ಹೇಳಲಿಲ್ಲ. ತಾವರೆ ಬೀಜ ಸುಲಿಯುತ್ತಾ ಇಷ್ಟು, ಒಲೆಯ ಮುಂದೆ ಇಷ್ಟು, ಹೀಗೆ ಹೇಳಿದರು. ಉಳಿದದ್ದನ್ನು ಮಾವನೇ ಹೇಳಿದರು. ಅವರು ಮಾತು ಕಡಿಮೆಯ ಮನುಷ್ಯ. ಸುಮ್ಮನೆ ಕಾದಿದ್ದರೆ ಮಾತ್ರ ಬಾಯಿ ಬಿಡುತ್ತಿದ್ದರು.

ಮಾವ ನಮ್ಮ ತಾಲ್ಲೂಕು ಕಚೇರಿಯಲ್ಲಿ ನಕಲುಗಾರರಾಗಿದ್ದವರು. ಅವರ ಅಕ್ಷರ ಅಚ್ಚು ಹಾಕಿದಂತೆ ಇರುತ್ತಿತ್ತು. ಅದಕ್ಕಾಗಿಯೇ ಮೂರು ವರ್ಷಕ್ಕೊಮ್ಮೆ, ಎಂಟನೇ ತಿಂಗಳಲ್ಲಿ, ಅವರನ್ನು ಪ್ರಾಂತ್ಯದ ದೊಡ್ಡ ಪರೀಕ್ಷೆಯ ಆವರಣಕ್ಕೆ ಕರೆಸುತ್ತಿದ್ದರು. ಹತ್ತು ಸಾವಿರ ಜನ ಅಲ್ಲಿ ಗೂಡಿನಂಥ ಕೋಣೆಗಳಲ್ಲಿ ಕೂತು ಬರೆಯುತ್ತಿದ್ದರು. ಅವರಲ್ಲಿ ತೇರ್ಗಡೆಯಾಗುವವರು ನೂರು ಜನವೂ ಇಲ್ಲ. ನಾಳೆ ನಮ್ಮಂಥವರ ಜಿಲ್ಲೆ ಆಳುವವರು, ತೆರಿಗೆ ಹಾಕುವವರು, ನ್ಯಾಯ ಹೇಳುವವರು ಆ ನೂರು ಜನರೇ.

ಬರೆದವನ ಹೆಸರಿನ ಮೇಲೆ ಕಾಗದ ಅಂಟಿಸಿ ಮುದ್ರೆ ಒತ್ತುತ್ತಿದ್ದರು. ಆದರೆ ಹೆಸರು ಮುಚ್ಚಿದರೂ ಕೈಬರಹ ಮುಚ್ಚಲಾಗದು. ಪರೀಕ್ಷಕ ತನ್ನ ಶಿಷ್ಯನ ಅಕ್ಷರವನ್ನು, ತನ್ನ ಭಾವಮೈದುನನ ಅಕ್ಷರವನ್ನು ಗುರುತು ಹಿಡಿದುಬಿಡಬಹುದು. ಅದಕ್ಕಾಗಿ ಪ್ರತಿಯೊಂದು ಉತ್ತರವನ್ನೂ ನಕಲುಗಾರರು ಕೆಂಪು ಮಸಿಯಲ್ಲಿ ಮತ್ತೆ ಬರೆಯಬೇಕು. ಒಳಗಿನ ಪರೀಕ್ಷಕರು ನೋಡುವುದು ಆ ಕೆಂಪು ಪ್ರತಿಯನ್ನು ಮಾತ್ರ. ಕಪ್ಪು ಮಸಿಯ ಮೂಲಪ್ರತಿ ಹೊರಗೇ ಬೀಗದಲ್ಲಿ. ನಕಲುಗಾರನ ಹತ್ತಿರ ಒಂದು ತೊಟ್ಟು ಕಪ್ಪು ಮಸಿ ಸಿಕ್ಕರೂ ಮುಗಿಯಿತು, ಮೂಲವನ್ನು ತಿದ್ದಿದ್ದಾನೆ ಎಂದೇ ಲೆಕ್ಕ. ಬಡವನ ಮಗನೂ ಜಮೀನುದಾರನ ಮಗನೂ ಆ ಕೆಂಪು ಅಕ್ಷರದಲ್ಲಿ ಒಂದೇ ಥರ ಕಾಣಬೇಕು.

"ಓದಬಾರದು, ಅದೇ ನಮ್ಮ ಕೆಲಸ" ಎನ್ನುತ್ತಿದ್ದರು ಮಾವ. "ಕಣ್ಣಿಂದ ಕೈಗೆ ಇಳೀಬೇಕು. ತಲೆಗೆ ಹತ್ತಬಾರದು. ತಲೆಗೆ ಹತ್ತಿದ್ರೆ ಕೈ ಕೆಡುತ್ತೆ."

ಹದಿನೈದು ವರ್ಷದಲ್ಲಿ ಅವರು ಐದು ಪರೀಕ್ಷೆಗೆ ಹೋಗಿಬಂದರು. ಒಂದು ತಪ್ಪೂ ಆಗಲಿಲ್ಲ. ಆರನೆಯದು, ಪ್ರಾಣಿಗಳ ಹೆಸರಿನ ಹನ್ನೆರಡು ವರ್ಷಗಳಲ್ಲಿ ಕುದುರೆ ವರ್ಷದ ಪರೀಕ್ಷೆ.

ಆ ವರ್ಷ ಸೆಖೆ ವಿಪರೀತ. ಉದ್ದದ ಶೆಡ್ಡಿನಲ್ಲಿ ನಾನೂರು ನಕಲುಗಾರರು ಸಾಲಾಗಿ ಕೂತು, ಜಡೆಯನ್ನು ನೆತ್ತಿಗೆ ಸುತ್ತಿ, ಬೆವರು ಹಾಳೆಯ ಮೇಲೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿಕೊಂಡು ಬರೆಯುತ್ತಿದ್ದರು. ಆವರಣದ ಬಾಗಿಲಿಗೆ ಹೊರಗಿನಿಂದ ಬೀಗ. ಕೆಲಸ ಮುಗಿಯುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ. ಮಾವ ಬರೆದದ್ದನ್ನು ಮೂಲದೊಂದಿಗೆ ತಾಳೆ ನೋಡುವವನು ಕ್ವಾಯ್ ಎಂಬ ಗೆಳೆಯ, ನಮ್ಮ ಪಕ್ಕದ ತಾಲ್ಲೂಕಿನವನು. ಅವನಿಗೆ ಹಳದಿ ಮಸಿ. ದಪ್ಪ ಗಾಜಿನ ಕನ್ನಡಕ, ಬಾಯಿ ತುಂಬ ಹಾಸ್ಯ.

"ನನ್ನ ಕಣ್ಣು ಎಷ್ಟು ಚುರುಕು ಗೊತ್ತಾ ಯೂ ಅಣ್ಣ? ಮನೇಲಿ ಹೆಂಡ್ತಿ ಯಾರು, ಅವಳಮ್ಮ ಯಾರು ಅಂತ ಬೈಗುಳ ಕೇಳಿ ಗುರ್ತು ಹಿಡೀತೀನಿ" ಎನ್ನುತ್ತಿದ್ದ.

ಮೂರನೇ ಸುತ್ತಿನ ಉತ್ತರಗಳು ಬಂದವು. ಪ್ರಶ್ನೆಗಳಲ್ಲೊಂದು, ರಾಜ್ಯ ನಡೆಸಲು ಸಮರ್ಥರನ್ನು ಕಂಡುಹಿಡಿಯುವುದು ಹೇಗೆ ಎಂಬುದು. ಎಲ್ಲರೂ ಹಳೆಯ ಅರಸರ ಹೆಸರು ಹೇಳಿ ಒಂದೇ ಥರ ಬರೆದಿದ್ದರು. ಮಾವನಿಗೆ ಅದು ಕಣ್ಣಿಂದ ಕೈಗೆ ಸಲೀಸಾಗಿ ಇಳಿಯುತ್ತಿತ್ತು. ಆ ಮಧ್ಯಾಹ್ನ ಬಂದ ಒಂದು ಉತ್ತರ ಹಾಗಿರಲಿಲ್ಲ. ಬರೆದವನು ಒಂದು ಸರೋವರದ ಒಡ್ಡಿನ ಕತೆ ಹೇಳಿದ್ದ. ಒಡ್ಡಿನ ಮೇಲ್ವಿಚಾರಣೆಯನ್ನು ಯಾರೋ ದೊಡ್ಡವರ ಅಳಿಯನಿಗೆ ಕೊಟ್ಟರು. ಆತ ಪಲ್ಲಕ್ಕಿಯಿಂದ ಇಳಿಯದೆ ಒಡ್ಡು ನೋಡಿ ಭದ್ರವಾಗಿದೆ ಎಂದು ಬರೆದುಕೊಟ್ಟ. ಆರನೇ ತಿಂಗಳ ನೀರಿಗೆ ಹದಿನೇಳು ಹಳ್ಳಿ ಮುಳುಗಿದವು.

ಮಾವನ ಅಕ್ಕ ಅಂಥದೇ ಒಂದು ನೀರಿನಲ್ಲಿ ಹೋದವಳು. ಎಂಟು ವರ್ಷದ ತಮ್ಮನನ್ನು ಮಾಡಿನ ಮೇಲೆ ಹತ್ತಿಸಿ ತಾನು ಕೈ ಜಾರಿದಳು. ಮಾವ ಎಂದೂ ಓದದಿದ್ದವರು ಅಂದು ಓದಿದರು. ಕಣ್ಣು ಮಂಜಾಯಿತು. ಬೆವರಿದ ಬೆರಳಿಗೆ ಹಾಳೆ ಅಂಟಿಕೊಂಡಿತು. ತಿರುಗಿಸಿದರು, ಮುಂದೆ ಬರೆದರು, ಮುಗಿಸಿ ಕೊನೆಯಲ್ಲಿ ನಿಯಮದಂತೆ ತಮ್ಮ ಹೆಸರು, ಊರು ಬರೆದು ಕ್ವಾಯ್‌ಗೆ ಕೊಟ್ಟರು. ಕ್ವಾಯ್ ಹಳದಿ ಗುರುತು ಹಾಕಿ ಕಳಿಸಿದ.

ಮರುದಿನ ಬೆಳಿಗ್ಗೆ ಗಂಜಿ ಕುಡಿಯುವಾಗ ಮಾವನಿಗೆ ಆ ಉತ್ತರ ಮತ್ತೆ ನೆನಪಿಗೆ ಬಂತು. ಹಳ್ಳಿಗಳು ಮುಳುಗಿದವು. ಆಮೇಲೆ? ಆಮೇಲೆ ಇದ್ದದ್ದು ಉಪಸಂಹಾರ. ಹಾಗಾದರೆ ಯಾರನ್ನು ಆರಿಸಬೇಕಿತ್ತು, ಹೇಗೆ ಆರಿಸಬೇಕಿತ್ತು ಎಂದು ಆ ಮನುಷ್ಯ ಹೇಳಲೇ ಇಲ್ಲವೇ? ಇಷ್ಟು ಚೆನ್ನಾಗಿ ಶುರುಮಾಡಿದವನು ಪ್ರಶ್ನೆಗೆ ಉತ್ತರವನ್ನೇ ಬರೆಯದೆ ಬಿಟ್ಟನೇ?

ಬೆರಳಿಗೆ ಅಂಟಿದ ಹಾಳೆಯ ನೆನಪಾಯಿತು. ಹಾಳೆ ಎಂದಿಗಿಂತ ದಪ್ಪವಾಗಿತ್ತು. ಬಟ್ಟಲು ಕೈಯಿಂದ ಜಾರಿ ಗಂಜಿ ಕಾಲಿನ ಮೇಲೆ ಚೆಲ್ಲಿತು. ಬಿಸಿ ತಟ್ಟಿದ್ದೂ ತಿಳಿಯಲಿಲ್ಲವಂತೆ.

ಅವರು ಕ್ವಾಯ್‌ನನ್ನು ನೀರಿನ ಹಂಡೆಗಳ ಹಿಂದಕ್ಕೆ ಎಳೆದುಕೊಂಡು ಹೋದರು.

"ಕ್ವಾಯ್, ನಿನ್ನೆ ಒಡ್ಡಿನ ಉತ್ತರ. ಎರಡು ಹಾಳೆ ಒಟ್ಟಿಗೆ ತಿರುಗಿಸಿಬಿಟ್ಟಿದೀನಿ. ಮಧ್ಯದ್ದು ಬರೆದೇ ಇಲ್ಲ."

"ಇಲ್ಲ ಬಿಡು, ನಾನು ತಾಳೆ ನೋಡಿದೆನಲ್ಲ."

"ಪೂರ್ತಿ ನೋಡಿದ್ಯಾ?"

ಕ್ವಾಯ್ ಕನ್ನಡಕ ತೆಗೆದು ಒರೆಸಿದ. ಬಹಳ ಹೊತ್ತು ಒರೆಸಿದ.

"ನಿನ್ನದನ್ನ ನಾನು ಎಂದಾದ್ರೂ ಪೂರ್ತಿ ನೋಡಿದೀನಾ ಅಣ್ಣ? ಐದು ಪರೀಕ್ಷೇಲಿ ಒಂದು ತಪ್ಪಿಲ್ಲ. ಮೊದಲು ನೋಡ್ತೀನಿ, ಕೊನೆ ನೋಡ್ತೀನಿ, ಗುರುತು ಹಾಕ್ತೀನಿ."

ಇಬ್ಬರೂ ಅಲ್ಲೇ ಕುಕ್ಕುರುಗಾಲಲ್ಲಿ ಕೂತರು. ಹಿಂದೊಮ್ಮೆ ಬೇರೆ ಪ್ರಾಂತ್ಯದಲ್ಲಿ ನಕಲುಗಾರನೊಬ್ಬ ಹಣ ತಿಂದು ಯಾರದೋ ಉತ್ತರದ ಸಾಲುಗಳನ್ನು ನುಂಗಿದ್ದನೆಂದು ಉತ್ತರ ದಿಕ್ಕಿನ ಗಡಿಗೆ ಗಡೀಪಾರು ಮಾಡಿದ ಸುದ್ದಿ ಇಬ್ಬರಿಗೂ ಗೊತ್ತಿತ್ತು. ಅವನ ಹೆಂಡತಿ ಮಕ್ಕಳನ್ನೂ ಜೊತೆಗೆ ನಡೆಸಿಕೊಂಡು ಹೋದರು. ದಾರಿಯಲ್ಲೇ ಮೂವರು ತೀರಿಕೊಂಡರು. ಮರೆತು ಬಿಟ್ಟದ್ದೋ ಬೇಕೆಂದು ಬಿಟ್ಟದ್ದೋ ಎಂದು ಹಾಳೆ ನೋಡಿದವರಿಗೆ ತಿಳಿಯುವುದಿಲ್ಲ.

"ಅಣ್ಣ, ಸಮಾಧಾನವಾಗಿ ಕೇಳು" ಎಂದ ಕ್ವಾಯ್. "ತೇರ್ಗಡೆ ಆದವರ ಕೆಂಪು, ಕಪ್ಪು ಎರಡನ್ನೂ ರಾಜಧಾನಿಗೆ ಕಳಿಸ್ತಾರೆ. ಅಲ್ಲಿ ಪಕ್ಕಪಕ್ಕ ಇಟ್ಟು ನೋಡ್ತಾರೆ. ನಪಾಸಾದವರದ್ದನ್ನ ಯಾರು ನೋಡ್ತಾರೆ? ಮೂಲೆಗೆ ಎಸೀತಾರೆ. ಮಧ್ಯ ಇಲ್ಲದ ಉತ್ತರ ಹೇಗೂ ನಪಾಸಾಗುತ್ತೆ. ನಪಾಸಾದ್ರೆ ನಾವು ಬದುಕಿದ್ವಿ."

"ಆದ್ರೂ ಪಾಸಾಗಿಬಿಟ್ರೆ?"

"ಆಗದೇ ಇರ್ಲಿ ಅಂತ ಬೇಡ್ಕೋ."

ಮಾವ ಬೇಡಿಕೊಂಡರು. ಇದನ್ನು ಅತ್ತೆ ಹೇಳಲಿಲ್ಲ, ಮಾವನೇ ಹೇಳಿದರು. ಹಂಡೆಗಳ ಹಿಂದೆ ಮೊಣಕಾಲೂರಿ, ಹಣೆ ನೆಲಕ್ಕೆ ಹಚ್ಚಿ, ಕರುಣೆಯ ತಾಯೇ, ಆ ಉತ್ತರವನ್ನು ಯಾರೂ ಮೆಚ್ಚದಿರಲಿ, ಅವನು ಮೇಲೆ ಬರದಿರಲಿ ಎಂದು ಕೇಳಿದರು. ಕೇಳಿ ಮುಗಿಸಿದ ಮೇಲೆ ಮಾಡಿನ ಮೇಲಿಂದ ಅಂದು ತಾವು ನೋಡಿದ ಪ್ರವಾಹ ಕಣ್ಮುಂದೆ ಬಂತು. ಇಂಥ ಒಬ್ಬ ಒಡ್ಡು ಕಾಯಲು ಬರಲಿ ಎಂದು ಯಾವ ತಾಯಿಯನ್ನು ಊರೆಲ್ಲ ಬೇಡುತ್ತದೋ, ಅದೇ ತಾಯಿಯನ್ನು ಅವನು ಬಾರದಿರಲಿ ಎಂದು ಬೇಡಿದ್ದರು.

"ಕೋಲೇಟಿನ ಭಯ ಒಂದು ಥರ ಕಣಮ್ಮ" ಎಂದರು ನನಗೆ. "ಆ ಬೇಡಿಕೆ ಎಲ್ಲಿ ಈಡೇರಿಬಿಡುತ್ತೋ ಅನ್ನೋದು ಬೇರೆ."

ಕೆಂಪು ಪ್ರತಿಗಳ ಕಟ್ಟು ಮಧ್ಯಾಹ್ನದ ನಗಾರಿಗೆ ಒಳಬಾಗಿಲು ದಾಟುತ್ತಿತ್ತು. ದಾಟಿದ ಮೇಲೆ ಒಂದು ಹಾಳೆಯೂ ಹೊರಗೆ ಬರುವಂತಿಲ್ಲ. ಆಗಲೇ ಹೊತ್ತು ಮೇಲೇರಿತ್ತು. ಮಾವ ಎದ್ದರು. ಕ್ವಾಯ್ ಅವರ ಅಂಗಿಯ ತುದಿ ಹಿಡಿದ.

"ಎಲ್ಲಿಗೆ? ಯೂ ಅಣ್ಣ, ನನಗೆ ಮೂರು ಹೆಣ್ಣುಮಕ್ಕಳು!"

"ನನಗೂ ಮಗ ಇದಾನೆ."

"ಯಾರೋ ಒಬ್ಬ. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಅವನಿಗೋಸ್ಕರ ನನ್ನ ಬೆನ್ನು ಮುರಿಸ್ತೀಯಾ? ಮೂರು ವರ್ಷ ಆದ್ಮೇಲೆ ಬಂದು ಮತ್ತೆ ಬರೀತಾನೆ ಬಿಡು!"

ಮಾವ ಅಂಗಿ ಬಿಡಿಸಿಕೊಂಡರು. ನಕಲು ವಿಭಾಗದ ಅಧಿಕಾರಿ ಲಾನ್ ಎಂಬವರ ಕೋಣೆ ಅಂಗಳದಾಚೆ. ನಲವತ್ತು ಹೆಜ್ಜೆ. ಎರಡು ಸಲ ತಿರುಗಿ ಬಂದೆ, ಮೂರನೇ ಸಲ ಕಾಲು ತಾನಾಗಿ ಹೋಯಿತು ಎನ್ನುತ್ತಿದ್ದರು.

ಲಾನ್ ಬೀಸಣಿಗೆ ಬೀಸಿಕೊಳ್ಳುತ್ತಿದ್ದವರು ಮಾತು ಕೇಳುತ್ತ ಕೇಳುತ್ತ ಬೀಸುವುದನ್ನು ನಿಲ್ಲಿಸಿದರು.

"ಎಷ್ಟು ಕೊಟ್ಟರೋ ನಿಂಗೆ?"

"ಯಾರೂ ಕೊಟ್ಟಿಲ್ಲ ಧಣಿ. ಬೆವರು. ಹಾಳೆ ಅಂಟ್ಕೊಂಡಿತ್ತು."

"ಕೊಟ್ಟೋರು ಬಾಕಿ ಕೊಡಲಿಲ್ಲ ಅಂತ ಈಗ ಬಂದಿದೀಯಾ?"

"ಅದು ಯಾರದ್ದು ಅಂತಲೇ ನನಗೆ ಗೊತ್ತಿಲ್ಲ ಧಣಿ. ಸಂಖ್ಯೆ ಮಾತ್ರ ಗೊತ್ತು."

ಲಾನ್ ಮುಖವೂ ಬಿಳಿಚಿಕೊಂಡಿತ್ತು. ಆ ಕಟ್ಟಿಗೆ ಮುದ್ರೆ ಒತ್ತಿದ್ದು ಅವರೇ. ಬಾಗಿಲಿನತ್ತ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಕೇಳಿದರು:

"ನೀನು ಇಲ್ಲಿಗೆ ಬಂದದ್ದನ್ನ ಯಾರಾದ್ರೂ ನೋಡಿದ್ರಾ?"

ನೋಡಿಲ್ಲ ಎಂದು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ. ವಿಷಯ ಬಾಗಿಲಲ್ಲೇ ಮುಚ್ಚಿಹೋಗುತ್ತಿತ್ತೋ, ತಮ್ಮನ್ನೇ ಬಾವಿಗೆ ತಳ್ಳಿಸುತ್ತಿದ್ದರೋ, ಮಾವನಿಗೆ ಕೊನೆಗೂ ತಿಳಿಯಲಿಲ್ಲ.

"ಕ್ವಾಯ್‌ಗೆ ಗೊತ್ತು ಧಣಿ. ಬಾಗಿಲ ಕಾವಲುಗಾರರಿಗೆ ಯಾಕೆ ಬಂದೆ ಅಂತ ಹೇಳೇ ಒಳಗೆ ಬಂದೆ. ಹೇಳದೆ ಬಿಡಲ್ಲ ಅಂದ್ರು."

ಲಾನ್ ಎದ್ದರು. ಇಬ್ಬರು ಸಾಕ್ಷಿಗಳನ್ನು ಕರೆಸಿ ಕಟ್ಟು ಬಿಚ್ಚಿಸಿದರು. ಮೂಲಪ್ರತಿ ತರಿಸಿದರು. ಮಧ್ಯದ ಹಾಳೆ ಅಲ್ಲೇ ಇತ್ತು, ಕೆಂಪಿನಲ್ಲಿ ಇರಲಿಲ್ಲ. ತೇಪೆ ಹಾಕುವಂತಿಲ್ಲ, ಇಡೀ ಪ್ರತಿಯನ್ನು ಹೊಸದಾಗಿ ಬರೆಯಬೇಕು. ನಗಾರಿಗೆ ಇನ್ನು ಎರಡು ಗಂಟೆಯೂ ಇಲ್ಲ.

"ಕೂತ್ಕೋ. ಬರಿ. ಇನ್ನೊಂದು ತಪ್ಪಾಯ್ತೋ, ಏಟು ಎಣಿಸೋನೂ ನೀನೇ ಆಗ್ತೀಯ."

ಅತ್ತಿತ್ತ ಕತ್ತಿ ಹಿಡಿದ ಕಾವಲುಗಾರರು. ಎದುರಿಗೆ ಲಾನ್. ಹಾಳೆ ತಿರುಗಿಸುವ ಸರದಿ ಬಂದಾಗ ಮಾವನ ಬೆರಳು ಒದ್ದೆಯಾಗಿತ್ತು. ಮೇಜಿನ ಮೇಲೆ ಊದುಬತ್ತಿಯ ಬಟ್ಟಲಿತ್ತು. ಕೇಳದೆ ಕೈ ಹಾಕಿ ಬೂದಿ ತೆಗೆದು ಬೆರಳಿಗೆ ತಿಕ್ಕಿಕೊಂಡರು. ಕಾವಲುಗಾರ ಕತ್ತಿ ಅರ್ಧ ಎಳೆದ. ಲಾನ್ ಕೈ ಎತ್ತಿ ತಡೆದರು. ಆಮೇಲೆ ಪ್ರತಿ ಹಾಳೆಗೂ ಹಾಗೇ. ಬಿಟ್ಟುಹೋಗಿದ್ದ ಹಾಳೆ ಬಂದಾಗ ಮಾವ ಓದಲಿಲ್ಲ. ಅದರಲ್ಲಿ ಏನಿತ್ತೆಂದು ಎಷ್ಟು ಕೇಳಿದರೂ ಅವರಿಗೆ ಹೇಳಲು ಬರುತ್ತಿರಲಿಲ್ಲ. ಕಣ್ಣಿಂದ ಕೈಗೆ ಇಳಿಯಿತು, ಅಷ್ಟೇ. ಕೊನೆಯ ಸಾಲು ಒಣಗುವ ಮೊದಲೇ ನಗಾರಿ ಬಡಿಯಿತು.

ಮಾವನಿಗೆ ಮೂವತ್ತು ಏಟು ಬಿತ್ತು, ನಕಲುಗಾರರ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಕ್ವಾಯ್‌ಗೆ ಹದಿನೈದು. ಎದ್ದು ನಿಲ್ಲಲಾಗದೆ ಅಕ್ಕಪಕ್ಕ ಮಲಗಿದ್ದಾಗ ಕ್ವಾಯ್ ಹೇಳಿದನಂತೆ: "ಇನ್ನು ನಿನ್ನ ದನಿ ನನಗೆ ಕೇಳಿಸದಿರ್ಲಿ." ಹಾಗೇ ನಡೆದುಕೊಂಡ. ಮಾವ ಎರಡು ಸಲ ಅವನ ಊರಿಗೆ ಹೋಗಿ ಬಾಗಿಲಿಂದ ಹಿಂತಿರುಗಿದರು.

ಅಲ್ಲಿಗೆ ಮುಗಿಯಲಿಲ್ಲ. ಒಂಬತ್ತನೇ ತಿಂಗಳು ತೇರ್ಗಡೆಯಾದವರ ಪಟ್ಟಿ ಬಂತು. ಒಡ್ಡಿನ ಉತ್ತರ ಬರೆದವನು ಆರನೆಯವನು. ಮುಚ್ಚಿದ ಕಾಗದ ಕಿತ್ತಾಗ ಪೆಂಗ್ ದೆರುನ್ ಎಂಬ ಹೆಸರು ಬಂತು, ಮೀನುಗಾರರ ಪೈಕಿಯ ಒಬ್ಬ ಶಾಲಾಮೇಷ್ಟ್ರ ಮಗ. ಲಾನ್ ಬರೆದಿಟ್ಟ ವರದಿ ಆ ಪ್ರತಿಗಳ ಜೊತೆಗೇ ರಾಜಧಾನಿಗೆ ಹೋಯಿತು. ಮರಳಿ ಪ್ರಶ್ನೆ ಬಂತು: ಈ ಒಬ್ಬನ ಉತ್ತರಕ್ಕಾಗಿಯೇ ಆ ನಕಲುಗಾರ ಏಟಿಗೆ ಬೆನ್ನೊಡ್ಡಿದ್ದೇಕೆ?

ಹನ್ನೆರಡನೇ ತಿಂಗಳಲ್ಲಿ ತನಿಖೆಗೆಂದು ಕಚೇರಿಯ ಇಬ್ಬರು ಮನೆಗೆ ಬಂದರು. ಅಕ್ಕಿಯ ಜಾಡಿಯನ್ನು ನೆಲಕ್ಕೆ ಸುರಿದು ನೋಡಿದರು. ಹಾಸಿಗೆ ಹರಿದರು. ಗ್ವಾನ್‌ಯಿನ್ ಅಮ್ಮನ ವಿಗ್ರಹವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರು. ಅತ್ತೆ ಕಣ್ಣು ಮುಚ್ಚಿಕೊಂಡರಂತೆ. ಮನೆಯಲ್ಲಿ ಹೊಸದು ಎಂದು ಇದ್ದದ್ದು ಒಂದು ಕಬ್ಬಿಣದ ಬಾಣಲೆ.

"ಇದೆಲ್ಲಿಂದ ಬಂತು?"

"ನಮ್ಮಣ್ಣ ಕೊಟ್ಟಿದ್ದು."

"ನಿಮ್ಮಣ್ಣ ಯಾಕೆ ಕೊಟ್ಟ?"

"ಹಳೇದು ಸೀಳಿತ್ತು. ಅಣ್ಣ ಅಂದ್ಮೇಲೆ ಕೊಡಬಾರದಾ?"

ಎರಡು ದಿನದ ದಾರಿಯಿಂದ ಅಣ್ಣನನ್ನು ಹಿಡಿದು ತಂದು, ಬಾಣಲೆ ಮಾರಿದವನನ್ನೂ ಕರೆತಂದು ಹೇಳಿಕೆ ಬರೆಸಿಕೊಂಡರು. ಆ ನಾಲ್ಕು ದಿನ ಮಾವ ಕಚೇರಿಯ ಕತ್ತಲೆ ಕೋಣೆಯಲ್ಲಿದ್ದರು. ಬಿಡುವಾಗ ಹಿರಿಯ ಗುಮಾಸ್ತ ಹೇಳಿದ: "ಇವತ್ತು ಏನೂ ಸಿಗಲಿಲ್ಲ. ಕಡತ ಮುಚ್ಚಿಲ್ಲ ಯೂ, ನೆನಪಿರಲಿ. ಪೆಂಗ್ ಕಡೆಯಿಂದ ಒಂದು ಮೂಲಂಗಿ ಈ ಮನೆಗೆ ಬಂದ್ರೂ ನನಗೆ ಗೊತ್ತಾಗುತ್ತೆ."

ಅಂದಿನಿಂದ ಮಾವ ಗುಡಿಯ ಕಟ್ಟೆಯಲ್ಲಿ ಕೂತು ಜನರಿಗೆ ಪತ್ರ ಬರೆದುಕೊಟ್ಟು ಬದುಕಿದರು. ಪಕ್ಕದ ಮನೆಯವರು ಹಬ್ಬಕ್ಕೆ ಕಡುಬು ಕಳಿಸಿದರೂ ಯಾರು ಕೊಟ್ಟರು, ಯಾಕೆ ಕೊಟ್ಟರು, ಯಾರೆದುರು ಕೊಟ್ಟರು ಎಂದು ಕೇಳುತ್ತಿದ್ದರು. ಬೀದಿಯಲ್ಲಿ ಬೂಟಿನ ಸದ್ದಾದರೆ ಕುಂಚ ನಿಲ್ಲುತ್ತಿತ್ತು. ಸದ್ದು ದಾಟಿದ ಮೇಲೆ ಬರೆದದ್ದನ್ನು ಬಿಸಾಡಿ ಮೊದಲಿಂದ ಬರೆಯುತ್ತಿದ್ದರು. ನಾನು ಅಕ್ಷರ ಕಲಿತದ್ದು ಹಾಗೆ ಬಿಸಾಡಿದ ಹಾಳೆಗಳಿಂದಲೇ.

ನಾನು ಮದುವೆಯಾಗಿ ಬಂದ ವರ್ಷ, ಪರೀಕ್ಷೆಯಾಗಿ ಹನ್ನೊಂದು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ಬಾಗಿಲಲ್ಲಿ ಬಿಳಿ ಪಾದರಕ್ಷೆಯ ಒಬ್ಬರು ನಿಂತಿದ್ದರು. ತಾಯಿ ತೀರಿಕೊಂಡು ಸೂತಕದ ರಜೆಯಲ್ಲಿ ಊರಿಗೆ ಬಂದ ಅಧಿಕಾರಿ. ಪೆಂಗ್ ದೆರುನ್. ಬೇರೆ ಪ್ರಾಂತ್ಯವೊಂದರಲ್ಲಿ ನದಿಯ ಒಡ್ಡುಗಳನ್ನು ನೋಡಿಕೊಳ್ಳುತ್ತಿದ್ದರು. ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ನಿವೃತ್ತರಾದ ಲಾನ್ ಅವರಿಂದ ಎಲ್ಲ ಕೇಳಿ ತಿಳಿದು ಬಂದಿದ್ದರು.

ಮಾವ ಅವರನ್ನು ಕೂರಿಸಿ ಮೊದಲು ಮಾಡಿದ್ದು ಬೀದಿಯ ಬಾಗಿಲನ್ನು ಎರಡೂ ಕದ ಪೂರ್ತಿ ತೆರೆದಿಟ್ಟದ್ದು. ನಾನು ಚಹಾ ತಂದೆ.

"ನಿಮ್ಮ ಬೆನ್ನಿನ ಋಣ ನನ್ನ ಮೇಲಿದೆ ಹಿರಿಯರೇ" ಎಂದರು ಪೆಂಗ್. "ಈ ಪದವಿ ಸಿಕ್ಕಿದ್ದು ನಿಮ್ಮಿಂದ."

"ನನ್ನಿಂದ ಸಿಕ್ಕಲಿಲ್ಲ ಧಣಿ. ನನ್ನಿಂದ ತಪ್ಪಿಹೋಗ್ತಿತ್ತು, ಅಷ್ಟೇ."

"ನಿಮ್ಮ ಮಗ ಏನು ಮಾಡ್ತಾರೆ?"

"ಎಣ್ಣೆ ಗಾಣದಲ್ಲಿ ದುಡೀತಾನೆ."

ಪೆಂಗ್ ಅಂಗಿಯ ತೋಳಿನಿಂದ ಒಂದು ಲಕೋಟೆ ತೆಗೆದರು. "ಈಗ ನಿಮ್ಮ ಜಿಲ್ಲೆಗೆ ಅಧಿಕಾರಿಯಾಗಿ ಬಂದಿರೋರು ನನ್ನ ಜೊತೆ ತೇರ್ಗಡೆಯಾದವರು. ಅವರ ಕಚೇರಿಯಲ್ಲಿ ಗುಮಾಸ್ತನ ಜಾಗ ಖಾಲಿ ಇದೆ. ಈ ಕಾಗದ ತೋರಿಸಿದ್ರೆ ಸಾಕು, ನಾಳೆಯಿಂದಲೇ ಕೂರಬಹುದು."

ಗಾಣದಲ್ಲಿ ನನ್ನ ಗಂಡನ ಎಡಗೈ ಆ ವರ್ಷ ನಜ್ಜುಗುಜ್ಜಾಗಿತ್ತು. ನಾನು ಗರ್ಭಿಣಿ. ತಟ್ಟೆ ಹಿಡಿದುಕೊಂಡು ನಿಂತವಳು ಒಳಗೆ ಹೋಗಲಿಲ್ಲ. ಮಾವ ಲಕೋಟೆಯನ್ನು ನೋಡಿದರೇ ಹೊರತು ಮುಟ್ಟಲಿಲ್ಲ.

"ನನ್ನ ಮಗನ ಅಕ್ಷರ ನೋಡಿದೀರಾ ಧಣಿ?"

"ನೋಡೋದು ಏನಿದೆ? ನಿಮ್ಮ ಮಗ ಅಂದ್ರೆ ಸಾಕಲ್ಲ."

ಹೇಳಿದ ಮೇಲೆ ಪೆಂಗ್ ಲಕೋಟೆ ಹಿಡಿದ ಕೈಯನ್ನು ತುಸು ಹಿಂದಕ್ಕೆ ಎಳೆದುಕೊಂಡರು. ತಾವು ಆಡಿದ್ದು ತಮ್ಮ ಕಿವಿಗೇ ಬಿದ್ದು, ತಾವು ಬರೆದಿದ್ದ ಒಡ್ಡಿನ ಅಳಿಯ ನೆನಪಾಗಿರಬೇಕು. ಎದುರುಮನೆಯ ಅಜ್ಜಿ ಹೊಸ್ತಿಲಿಗೆ ಬಂದು ನಮ್ಮ ಮನೆಯೊಳಗೆ ಇಣುಕುತ್ತಿದ್ದಳು. ಮಾವ ಎದ್ದು ನಿಂತರು. ಬೀದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಅವನ ಅಕ್ಷರ ಚೆನ್ನಾಗಿಲ್ಲ ಧಣಿ. ಕಾಗದ ಒಳಗಿಟ್ಕೊಳ್ಳಿ. ನಮಗೆ ಅದು ಬೇಡ."